ಮಳೆಯಲ್ಲಿ ಬಹುಮಾನ ಪಡೆದ ಪಾಪ್ವಾ

ಗಾಲ್ಫ್ ಸಿರಿವಂತರ ಆಟವೆಂಬ ಮಾತು ಲೋಕರೂಢಿಯಾಗಿದೆ. ನೂರಾರು ಎಕರೆ ಹಸುರು ನೆಲ, ದುಬಾರಿಯಾದ ಆಟದ ಕೋಲುಗಳು, ಸದಸ್ಯರಲ್ಲದವರಿಗೆ ಬಾಗಿಲು ತೆರೆಯದ ಕ್ಲಬ್ಬುಗಳು, ಇವೆಲ್ಲ ಸೇರಿ ಆ ಮಾತಿಗೆ ಪುಷ್ಟಿ ಕೊಟ್ಟಿವೆ. ಆದರೆ ಈ ಆಟದ ಚರಿತ್ರೆಯನ್ನು ಬಗೆದು ನೋಡಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಉಳ್ಳವರು ಆಡುವಾಗ ಅವರ ಕೋಲುಗಳ ಭಾರವಾದ ಚೀಲವನ್ನು ಹೆಗಲಿಗೇರಿಸಿಕೊಂಡು ಮೈಲಿಗಟ್ಟಲೆ ಹಿಂಬಾಲಿಸುವ ಬಡ ಹುಡುಗರಲ್ಲಿ ಕೆಲವರು, ನೋಡುನೋಡುತ್ತಲೇ ವಿದ್ಯೆಯನ್ನು ಕಲಿತು, ಒಡೆಯರನ್ನೇ ಮೀರಿಸಿದ್ದುಂಟು. ‘ಕ್ಯಾಡಿ’ಗಳೆಂದು ಕರೆಯಿಸಿಕೊಳ್ಳುವ ಇಂಥ ಹುಡುಗರ ಪೈಕಿ ಭಾರತೀಯರೆಲ್ಲರೂ ನೆನೆಯಬೇಕಾದ ಒಂದು ಹೆಸರು ದಕ್ಷಿಣ ಆಫ್ರಿಕದ ಸೆವ್‌ಸಂಕರ್ ಸೆವ್‌ಗೋಲಂ. ಜಗತ್ತು ಆತನನ್ನು ಅರಿತದ್ದು ‘ಪಾಪ್ವಾ’ ಎಂಬ ಮುದ್ದಿನ ಹೆಸರಿನಿಂದ.

ಸೆವ್‌ಸಂಕರ್ ಎಂಬುದು ಬೇರೆ ಯಾವುದೂ ಅಲ್ಲ, ನಮ್ಮ ಶಿವಶಂಕರನೇ! ಕಡಲು ದಾಟಿದ ಕೂಲಿಗಳ ಹೆಸರುಗಳು ಬಿಳಿಯ ಗುಮಾಸ್ತರ ಲೇಖನಿಗೆ ಸಿಕ್ಕಿ ಹೀಗೆ ರೂಪಾಂತರ ಹೊಂದಿದವು. ೧೮೬೦ರ ನವೆಂಬರ್ ೧೬ರಂದು ‘ಟ್ರುರೋ’ ಎಂಬ ಹಡಗು ಮದ್ರಾಸಿನಿಂದ ಹೊರಟ ಮೊದಲ ಕರಾರು ಕೂಲಿಗಳನ್ನು ಡರ್ಬನ್ ಬಂದರಿನಲ್ಲಿ ಇಳಿಸಿತು. ಮುಂದಿನ ಐವತ್ತು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಭಾರತೀಯರು ನೇಟಾಲ್ ಪ್ರಾಂತ್ಯಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ಬೆವರು ಸುರಿಸಿದ್ದು ಕಬ್ಬಿನ ತೋಟಗಳಲ್ಲಿ. ೧೮೯೩ರಲ್ಲಿ ಗಾಂಧೀಜಿಯವರನ್ನು ಮೊದಲ ದರ್ಜೆಯ ರೈಲು ಡಬ್ಬಿಯಿಂದ ಹೊರದೂಡಿದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣವೂ ಇದೇ ನೇಟಾಲಿನಲ್ಲಿದೆ. ಅಂಥ ನೆಲದಲ್ಲಿ, ಅಂಥ ವಲಸೆಗಾರರ ಸಂತತಿಯಲ್ಲಿ, ೧೯೩೦ರ ಆಸುಪಾಸಿನಲ್ಲಿ, ಡರ್ಬನ್ನಿನ ಬಡ ಕುಟುಂಬವೊಂದರಲ್ಲಿ ಪಾಪ್ವಾ ಜನಿಸಿದ.

ಶಾಲೆಯ ಭಾಗ್ಯ ಆತನಿಗಿರಲಿಲ್ಲ. ಓದುಬರಹವನ್ನು ಕಲಿಯಬೇಕಾದ ವಯಸ್ಸಿನಲ್ಲಿಯೇ ಡರ್ಬನ್ನಿನ ಬೀಚ್‌ವುಡ್ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ದುಡಿಯತೊಡಗಿದ. ಕೊಂಡುತರಲು ಹಣವಿಲ್ಲದ ಹುಡುಗ ಮರದ ಕೊಂಬೆಯೊಂದನ್ನು ಕಡಿದು ಕೋಲು ಮಾಡಿಕೊಂಡು ಚೆಂಡನ್ನು ಹೊಡೆಯಲು ಕಲಿತ. ಕಲಿಸುವ ಗುರುವಿಲ್ಲದ ಕಾರಣ ಆತನ ಆಟದಲ್ಲಿ ಒಂದು ವಿಚಿತ್ರ ಉಳಿದುಕೊಂಡಿತು. ಬಲಗೈ ಆಟಗಾರರು ಕೋಲಿನ ತುದಿಯಲ್ಲಿ ಎಡಗೈಯನ್ನೂ ಅದರ ಕೆಳಗೆ ಬಲಗೈಯನ್ನೂ ಇಟ್ಟು ಹಿಡಿಯುವುದು ಕ್ರಮ. ಪಾಪ್ವಾ ಹಿಡಿಯುತ್ತಿದ್ದುದು ಇದಕ್ಕೆ ನೇರ ವಿರುದ್ಧವಾಗಿ: ಬಲಗೈ ಮೇಲೆ, ಎಡಗೈ ಕೆಳಗೆ! ಹೀಗೆ ಹಿಡಿದು ಆಡಹೊರಟವನನ್ನು ಯಾವ ಶಿಕ್ಷಕನಾದರೂ ಮೊದಲ ದಿನವೇ ತಿದ್ದುತ್ತಿದ್ದ. ತಿದ್ದುವವರಿಲ್ಲದೆ ಬೆಳೆದ ಪಾಪ್ವಾನ ಕೈಯಲ್ಲಿ ಆ ತಪ್ಪೇ ಒಂದು ಶಕ್ತಿಯಾಗಿ ಮಾರ್ಪಟ್ಟಿತು.

ಆ ದೇಶದಲ್ಲಿ ಆಗ ಗಾಲ್ಫೂ ಎರಡಾಗಿತ್ತು. ಬಿಳಿಯರ ಪಂದ್ಯಗಳೇ ಬೇರೆ, ಉಳಿದವರ ಪಂದ್ಯಗಳೇ ಬೇರೆ. ೧೯೪೮ರಲ್ಲಿ ಅಧಿಕಾರಕ್ಕೆ ಬಂದ ಸರಕಾರ ವರ್ಣಭೇದವನ್ನೇ ರಾಜ್ಯನೀತಿಯನ್ನಾಗಿ ಮಾಡಿತು. ೧೯೫೦ರ ಒಂದು ಕಾಯಿದೆ ಯಾವ ಜನಾಂಗದವರು ಎಲ್ಲಿ ವಾಸಿಸಬೇಕೆಂಬುದನ್ನು ಗೆರೆ ಎಳೆದು ನಿರ್ಧರಿಸಿತು. ಬಿಳಿಯರ ಮೈದಾನಕ್ಕೆ ಚೀಲ ಹೊತ್ತು ಬರಲು ಪಾಪ್ವಾನಿಗೆ ಅಡ್ಡಿಯಿರಲಿಲ್ಲ; ಅವರೊಡನೆ ಸರಿಸಮನಾಗಿ ಸ್ಪರ್ಧಿಸುವುದಕ್ಕೆ ಮಾತ್ರ ಅಡ್ಡಿ.

ಆತನ ಪ್ರತಿಭೆಯನ್ನು ಗುರುತಿಸಿ ಕೈಹಿಡಿದವನೂ ಒಬ್ಬ ಬಿಳಿಯನೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೆಂಗಸರ ಮುಖಕಾಂತಿಗೆಂದು ‘ಆಯಿಲ್ ಆಫ್ ಓಲೇ’ ಎಂಬ ಲೇಪವನ್ನು ಡರ್ಬನ್ನಿನಲ್ಲಿ ಸಿದ್ಧಪಡಿಸಿದ ರಸಾಯನ ತಜ್ಞ ಗ್ರಹಾಂ ವುಲ್ಫ್ ಆತ. ತಾಯ್ನಾಡಿನಲ್ಲಿ ಮುಚ್ಚಿದ ಬಾಗಿಲು ಹೊರದೇಶದಲ್ಲಿ ತೆರೆದೀತೆಂದು ಬಗೆದು, ೧೯೫೯ರಲ್ಲಿ ವುಲ್ಫ್ ಪಾಪ್ವಾನನ್ನು ಯೂರೋಪಿಗೆ ಕರೆದೊಯ್ದ. ಅಕ್ಷರ ಬಾರದ, ಕೋಲನ್ನು ತಲೆಕೆಳಗಾಗಿ ಹಿಡಿಯುವ ಈ ಆಟಗಾರ ಅದೇ ವರ್ಷ ಡಚ್ ಓಪನ್ ಪಂದ್ಯವನ್ನು ಗೆದ್ದುಬಿಟ್ಟ! ಅದು ಆಕಸ್ಮಿಕವಲ್ಲವೆಂಬುದನ್ನು ಸಾರಲೋ ಎಂಬಂತೆ ೧೯೬೦ರಲ್ಲಿಯೂ ೧೯೬೪ರಲ್ಲಿಯೂ ಅದೇ ಪ್ರಶಸ್ತಿ ಮತ್ತೆ ಆತನ ಪಾಲಾಯಿತು.

ಪರದೇಶದಲ್ಲಿ ಗೆದ್ದುಬಂದವನನ್ನು ಸ್ವದೇಶದಲ್ಲಿ ತಡೆಯುವುದು ಕಷ್ಟವಾಯಿತು. ಕೊನೆಗೂ ೧೯೬೩ರಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ನೇಟಾಲ್ ಓಪನ್ ಪಂದ್ಯದಲ್ಲಿ ಆಡಲು ಆತನಿಗೆ ಅನುಮತಿ ದೊರೆಯಿತು. ಕಣದಲ್ಲಿದ್ದ ಬಿಳಿಯ ಆಟಗಾರರು ನೂರಕ್ಕೂ ಹೆಚ್ಚು. ಗಾಲ್ಫಿನಲ್ಲಿ ತೀರ್ಪುಗಾರನ ಪಕ್ಷಪಾತಕ್ಕೆ ಎಡೆ ಕಡಮೆ. ಯಾರು ಅತಿ ಕಡಮೆ ಹೊಡೆತಗಳಲ್ಲಿ ಚೆಂಡನ್ನು ಎಲ್ಲ ಕುಳಿಗಳಿಗೂ ಸೇರಿಸುತ್ತಾರೋ ಅವರೇ ವಿಜಯಿಗಳು. ಲೆಕ್ಕ ಮುಗಿದಾಗ ಎಲ್ಲರಿಗಿಂತ ಮುಂದಿದ್ದವನು ಪಾಪ್ವಾ.

ಬಹುಮಾನ ವಿತರಣೆಯ ಹೊತ್ತಿಗೆ ಮಳೆ ಸುರಿಯತೊಡಗಿತು. ಸೋತವರೆಲ್ಲ ಕ್ಲಬ್ಬಿನ ಕಟ್ಟಡದೊಳಗೆ ಬೆಚ್ಚಗೆ ಸೇರಿದರು. ಗೆದ್ದವನು ಒಳಗೆ ಕಾಲಿಡುವಂತಿರಲಿಲ್ಲ, ಆತ ಭಾರತೀಯ. ಹೊರಗೆ, ಮಳೆಯಲ್ಲಿ ನೆನೆಯುತ್ತ, ಪಾಪ್ವಾ ತನ್ನ ಬಹುಮಾನವನ್ನು ಸ್ವೀಕರಿಸಿದ. ಆ ದೃಶ್ಯದ ಛಾಯಾಚಿತ್ರ ದೇಶದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ವರ್ಣಭೇದವೆಂದರೇನೆಂಬುದನ್ನು ಎಷ್ಟು ಭಾಷಣಗಳೂ ತಿಳಿಸಲಾರದಷ್ಟು ಸ್ಪಷ್ಟವಾಗಿ ಆ ಒಂದು ಚಿತ್ರ ತಿಳಿಸಿತು. ಅದೇ ವರ್ಷ ಬ್ರಿಟಿಷ್ ಓಪನ್ ಪಂದ್ಯದಲ್ಲಿ ಜಗತ್ತಿನ ಘಟಾನುಘಟಿಗಳ ನಡುವೆ ಆಡಿದ ಪಾಪ್ವಾ ಹದಿಮೂರನೆಯ ಸ್ಥಾನವನ್ನು ಹಂಚಿಕೊಂಡ.

೧೯೬೫ರಲ್ಲಿ ನೇಟಾಲ್ ಓಪನ್ ಮತ್ತೊಮ್ಮೆ ಆತನ ಕೈಸೇರಿತು. ಈ ಬಾರಿ ಸೋತವರಲ್ಲಿ ದಕ್ಷಿಣ ಆಫ್ರಿಕದ ಹೆಮ್ಮೆಯ ಆಟಗಾರ ಗ್ಯಾರಿ ಪ್ಲೇಯರ್ ಕೂಡ ಇದ್ದ. ಆ ವರ್ಷವೇ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದು, ಗಾಲ್ಫಿನ ನಾಲ್ಕು ಮಹಾ ಪ್ರಶಸ್ತಿಗಳನ್ನೂ ಪಡೆದ ಮೂರನೆಯ ವ್ಯಕ್ತಿ ಎನಿಸಿಕೊಂಡವನು ಈ ಪ್ಲೇಯರ್. ಅಂಥವನನ್ನು ಒಬ್ಬ ಹಳೆಯ ಕ್ಯಾಡಿ ಸೋಲಿಸಿದ್ದ!

ಈ ಗೆಲುವೇ ಆತನಿಗೆ ಮುಳುವಾಯಿತು. ಬಿಳಿಯರೇ ಮೇಲೆಂದು ಸಾಧಿಸಹೊರಟ ಸರಕಾರಕ್ಕೆ ಹೀಗೆ ಮತ್ತೆ ಮತ್ತೆ ಗೆಲ್ಲುವವನು ಸಹ್ಯನಾಗಲಿಲ್ಲ. ಸೋಲಿಸಲಾಗದವನನ್ನು ಆಡಗೊಡದಿರುವುದೇ ಸುಲಭ. ದೇಶದೊಳಗಿನ ಬಿಳಿಯರ ಪಂದ್ಯಗಳಿಂದ ಆತನನ್ನು ಹೊರಗಿಟ್ಟರು. ಪಾಸ್‌ಪೋರ್ಟನ್ನೂ ಕಸಿದುಕೊಂಡು ಹೊರದೇಶದ ದಾರಿಯನ್ನೂ ಮುಚ್ಚಿದರು. ಕಸುಬುದಾರ ಆಟಗಾರನಿಗೆ ಪಂದ್ಯವೆಂದರೆ ಬರಿಯ ಕೀರ್ತಿಯಲ್ಲ, ಮನೆಯವರ ಅನ್ನ. ಪ್ರಾಯದ ಕಸುವು ಇನ್ನೂ ಇರುವಾಗಲೇ ಆ ಅನ್ನಕ್ಕೆ ಕಲ್ಲು ಬಿದ್ದಿತು. ಬಡತನದಲ್ಲಿ ಹುಟ್ಟಿದವನು ಮತ್ತೆ ಬಡತನಕ್ಕೇ ಮರಳಿದ. ೧೯೭೮ರಲ್ಲಿ, ಐವತ್ತರ ಆಸುಪಾಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ.

ಪಾಪ್ವಾ ರಾಜಕಾರಣಿಯಲ್ಲ, ಸಭೆಗಳಲ್ಲಿ ಗುಡುಗಿದವನೂ ಅಲ್ಲ. ಆದರೂ ಆತನಿಗಾದ ಅವಮಾನ ವ್ಯರ್ಥವಾಗಲಿಲ್ಲ. ದಕ್ಷಿಣ ಆಫ್ರಿಕದೊಡನೆ ಆಟವಾಡಬಾರದೆಂಬ ಕೂಗು ಜಗತ್ತಿನಲ್ಲೆಲ್ಲ ಬಲವಾಗುತ್ತ ಹೋಯಿತು. ೧೯೬೪ರ ಟೋಕಿಯೋ ಒಲಿಂಪಿಕ್ಸಿಗೆ ಆ ದೇಶಕ್ಕೆ ಪ್ರವೇಶ ಸಿಗಲಿಲ್ಲ. ೧೯೭೪ರಲ್ಲಿ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಸುತ್ತಿಗೆ ಬಂದ ಭಾರತ, ಎದುರಾಳಿ ದಕ್ಷಿಣ ಆಫ್ರಿಕವೆಂಬ ಕಾರಣಕ್ಕೆ ಆಡಲೊಲ್ಲೆನೆಂದು, ಕೈಗೆಟುಕಿದ್ದ ಕಪ್ಪನ್ನೇ ಬಿಟ್ಟುಕೊಟ್ಟಿತು. ೧೯೯೪ರಲ್ಲಿ ಎಲ್ಲ ಜನಾಂಗದವರೂ ಮತ ಚಲಾಯಿಸಿ ನೆಲ್ಸನ್ ಮಂಡೇಲಾ ಅಧ್ಯಕ್ಷರಾಗುವವರೆಗೆ ಈ ಹೋರಾಟ ನಾನಾ ಮುಖವಾಗಿ ನಡೆಯಿತು.

ಆ ಬೆಳಗನ್ನು ಕಾಣಲು ಪಾಪ್ವಾ ಉಳಿದಿರಲಿಲ್ಲ. ಡರ್ಬನ್ ನಗರದ ಒಂದು ಸಾರ್ವಜನಿಕ ಗಾಲ್ಫ್ ಮೈದಾನಕ್ಕೆ ಆತನ ಹೆಸರನ್ನಿಟ್ಟಿದ್ದಾರೆ. ಬಿಳಿಯರ ಕ್ಲಬ್ಬೊಂದರಲ್ಲಿ ಚೀಲ ಹೊತ್ತು ಬಾಳು ಆರಂಭಿಸಿದವನ ಹೆಸರು ಸರ್ವರಿಗೂ ಸೇರಿದ ಮೈದಾನಕ್ಕೆ ಸಂದದ್ದು ಉಚಿತವೇ ಸರಿ. ಆದರೆ ಆಡುವ ಪ್ರಾಯದಲ್ಲಿ ಕಸಿದುಕೊಂಡ ಆ ವರ್ಷಗಳನ್ನು ಯಾವ ಹೆಸರುಗಲ್ಲೂ ಹಿಂದಕ್ಕೆ ಕೊಡಲಾರದು.