ಕಡಲಾಮೆಯ ಗೂಡಿನ ಕಾವಲು

ಪುತ್ತೂರು, ಸುಳ್ಯ, ಕಡಬದ ಕಡೆಯ ಕೃಷಿಕನು ಬೆಳಗಿನ ಜಾವ ತೋಟಕ್ಕಿಳಿದೊಡನೆ, ಕೆದರಿದ ಮಣ್ಣನ್ನು ನೋಡಿಯೇ ರಾತ್ರಿ ಬಂದುಹೋದುದು ಕಾಡುಹಂದಿಯೋ ಮುಳ್ಳುಹಂದಿಯೋ ಎಂಬುದನ್ನು ಹೇಳಬಲ್ಲನು. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಕಡೆಗೆ ಯಾವ ಕಡಲನ್ನು ಸೇರುವುದೋ ಆ ಕಡಲಿನ ತಡಿಯಲ್ಲಿ, ಆಲಿವ್ ರಿಡ್ಲಿ ಎಂಬ ಆಮೆಯ ಗೂಡುಗಳನ್ನು ಕಾಯುವವರಿಗೂ ಈ ವಿದ್ಯೆಯೇ ಮೊದಲ ಆಸರೆ.

ಮಾಗಿಯ ರಾತ್ರಿಗಳಲ್ಲಿ ಹೆಣ್ಣಾಮೆಯು ದಡವೇರಿ, ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ, ಹೂಜಿಯಾಕಾರದ ಕುಳಿಯನ್ನು ತೋಡಿ, ನೂರರ ಆಸುಪಾಸಿನಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ತನ್ನ ದೇಹಭಾರದಿಂದಲೇ ಅದನ್ನು ತಟ್ಟಿ ತಟ್ಟಿ ಗಟ್ಟಿಮಾಡಿ ಹಿಂದಿರುಗುವುದು. ಮತ್ತೆಂದೂ ಆ ಗೂಡಿನತ್ತ ಸುಳಿಯದು. ಮುಂದಿನ 45ರಿಂದ 60 ದಿನಗಳ ಪರ್ಯಂತ ಮೊಟ್ಟೆಗಳಿಗೆ ಕಾವು ಕೊಡುವುದು ಮರಳೇ. ಮರಿಯು ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುವುದೂ ಅದರ ಉಷ್ಣತೆಯೇ.

ಸೂರ್ಯೋದಯಕ್ಕೆ ಮುನ್ನ ಸ್ವಯಂಸೇವಕರು ದಡದುದ್ದಕ್ಕೂ ನಡೆದು ಮರಳನ್ನು ಪರೀಕ್ಷಿಸುವರು. ಗೂಡಿನ ಪಕ್ಕದಲ್ಲಿ ಓರೆಯಾಗಿ ಇಳಿದ ದುಂಡನೆಯ ಬಿಲವಿದ್ದರೆ ಅದು ಏಡಿಯ ಕೆಲಸ. ಮರಳು ಹಿಂದಕ್ಕೆ ರಾಶಿಯಾಗಿ ಚಿಮ್ಮಿ, ತೊಗಲಿನಂತೆ ಮುದುರಿದ ಬಿಳಿಯ ಚಿಪ್ಪುಗಳು ಸುತ್ತಲೂ ಚೆಲ್ಲಿದ್ದರೆ ನಾಯಿಯದೋ ನರಿಯದೋ. ಮೊಟ್ಟೆಯಿಟ್ಟ ಹೊಸತರಲ್ಲಿ ಗೂಡಿನ ವಾಸನೆ ತೀವ್ರವಾಗಿರುವುದರಿಂದ, ಆ ಮೊದಲ ರಾತ್ರಿಗಳಲ್ಲಿಯೇ ಕಾವಲು ಅತ್ಯಂತ ಅವಶ್ಯವಾದುದು. ಆದುದರಿಂದಲೇ ಗೂಡಿನ ಮೇಲೆ ತಂತಿಯ ಬಲೆಯನ್ನು ಹಾಸಿ ಅಂಚುಗಳನ್ನು ಮರಳಿನಲ್ಲಿ ಹೂಳುವರು.

ಏಡಿ, ನರಿ, ಹದ್ದುಗಳ ಪಾಲು ಪ್ರಾಚೀನವಾದುದು. ಅದನ್ನು ತೆತ್ತೂ ವಂಶವು ಉಳಿಯಲೆಂದೇ ಆಮೆಯು ನೂರು ಮೊಟ್ಟೆಗಳನ್ನಿಡುವುದು. ನಾಯಿಯ ಮಾತು ಬೇರೆ. ನಾವು ಎಸೆದ ಎಂಜಲಿನಿಂದಲೂ ಮೀನಿನ ತ್ಯಾಜ್ಯದಿಂದಲೂ ಹೊಟ್ಟೆ ಹೊರೆದು ದಡದಲ್ಲಿ ಹಿಂಡುಹಿಂಡಾಗಿ ಬೆಳೆದ ಆ ಪ್ರಾಣಿಯನ್ನು ದೂಷಿಸುವುದು ನನ್ನ ಮಟ್ಟಿಗೆ ನ್ಯಾಯವಲ್ಲ; ಕಾಯಬೇಕಾದುದು ನಮ್ಮ ಕಸವನ್ನೇ.

2024ರಲ್ಲಿ ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲುವಿನ ದಡದಲ್ಲಿ ಈ ಆಮೆಗಳು ಮೊಟ್ಟೆಯಿಟ್ಟಾಗ ಅರಣ್ಯ ಇಲಾಖೆಯವರು ಗೂಡುಗಳಿಗೆ ರಕ್ಷಣೆ ಒದಗಿಸಿ, ಹೊರಬಂದ ಮರಿಗಳನ್ನು ಕಡಲಿಗೆ ಬಿಟ್ಟರು. ಅಂಗೈಯಲ್ಲಿ ಹಿಡಿಸುವ ಆ ಕಪ್ಪು ಮರಿಗಳು ಹೆಚ್ಚಾಗಿ ಮರಳು ತಣಿದ ಇರುಳಿನಲ್ಲಿ ಒಟ್ಟಾಗಿ ಮೇಲೆದ್ದು, ಬೆಳಕು ಹೆಚ್ಚಿರುವ ದಿಕ್ಕೇ ಕಡಲೆಂದು ನಂಬಿ ಹರಿದಾಡುವುವು. ದಡದ ಮೇಲಣ ವಿದ್ಯುದ್ದೀಪವು ಅವುಗಳನ್ನು ಹಿಂದಕ್ಕೆ, ನಾಯಿಯ ಬಾಯಿಗೇ ಕರೆದೊಯ್ಯಬಲ್ಲುದು.

ಘಟ್ಟದ ಬುಡದಿಂದ ಕಡಲು ನೋಡಲು ಹೋಗುವ ನೀವು, ಉಂಡ ಎಲೆಯನ್ನೂ ಉಳಿದ ಅನ್ನವನ್ನೂ ಮರಳಿನಲ್ಲಿ ಬಿಟ್ಟುಬರಬೇಡಿರಿ. ನೀರಂಚಿನಿಂದ ಮೇಲಕ್ಕೆ ಭಾರವಾದುದೇನನ್ನೋ ಎಳೆದಂತಹ ಜಾಡು ಕಂಡರೆ, ಮೊಟ್ಟೆಗಳನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿರಿ: ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುವುದರಿಂದ, ಆಮೇಲೆ ಮೊಟ್ಟೆಯನ್ನು ಹೊರಳಿಸಿದರೆ ಅದು ಸಾಯುತ್ತದೆ.