ಕಲ್ಲಾದ ಪೆಡಲು

"ಬ್ರೇಕ್ ಮೆತ್ತಗಾಗಿದೆಯಾ, ಕಲ್ಲಾಗಿದೆಯಾ?" ಸಕಲೇಶಪುರದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಬ್ರೇಕ್ ಮೇಸ್ತ್ರಿ ಡ್ರೈವರನ್ನು ಮೊದಲು ಕೇಳುವುದು ಇಷ್ಟೇ. ಪೆಡಲು ಮೆತ್ತಗೆ ಒಳಗಿಳಿದರೆ ಬ್ರೇಕ್ ಆಯಿಲ್ ಲೈನಿಗೆ ಗಾಳಿ ಸೇರಿದೆ ಎಂದು ಅವರ ಗುಮಾನಿ. ಅದರ ಮದ್ದೇ ಬೇರೆ. ಬಂಡೆಯಂತೆ ನಿಂತುಬಿಟ್ಟರೆ ಮಾತ್ರ ವ್ಯಾಕ್ಯೂಮ್ ಕಡೆ ತಿರುಗುತ್ತಾರೆ.

ದೊಡ್ಡ ಲಾರಿಗಳಿಗೆ ಏರ್ ಬ್ರೇಕ್. ಆದರೆ 1986ರಲ್ಲಿ ಬಂದ ಟಾಟಾ 407ನಂಥ ಸಣ್ಣ ಲಾರಿಗಳಲ್ಲಿ ಕಾಲಿಗೆ ಬಲ ಕೊಟ್ಟಿದ್ದು ನಿರ್ವಾತ, ಅಂದರೆ ವ್ಯಾಕ್ಯೂಮ್. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಥ್ರಾಟಲ್ ಅಡ್ಡ ಇರುವುದರಿಂದ ನಿರ್ವಾತ ತಾನಾಗಿ ಸಿಗುತ್ತದೆ. ಹಳೆಯ ಡೀಸೆಲ್‌ಗೆ ಆ ಭಾಗ್ಯವಿಲ್ಲ. ಹಾಗಾಗಿ ಡೈನಮೋದ ಬೆನ್ನಿಗೆ ಒಂದು ಪುಟ್ಟ ಪಂಪು ಕೂರಿಸಿ, ಎಂಜಿನ್ ಆಯಿಲನ್ನೇ ಅದಕ್ಕೂ ಕುಡಿಸುತ್ತಾರೆ. ಅದು ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಡಬ್ಬಿಯ ಗಾಳಿಯನ್ನು ಹೀರುತ್ತದೆ. ಪೆಡಲು ಒತ್ತಿದಾಗ ಡಬ್ಬಿಯೊಳಗಿನ ಡಯಾಫ್ರಮ್‌ನ ಒಂದು ಮಗ್ಗುಲಿಗೆ ಹೊರಗಿನ ಗಾಳಿ ನುಗ್ಗುತ್ತದೆ. 25 ಸೆಂಟಿಮೀಟರ್ ಅಗಲದ ಡಯಾಫ್ರಮ್ ಆದರೆ ಮೂರು ಕ್ವಿಂಟಲಿಗೂ ಮೀರಿದ ತಳ್ಳು. ನಮ್ಮ ಕಾಲಿನದು ಬರೀ ಸನ್ನೆ.

ಎಂಜಿನ್ ಆಫ್ ಮಾಡಿ ಘಾಟಿ ಇಳಿಯುವವರನ್ನು ಕಂಡರೆ ಮೇಸ್ತ್ರಿಗೆ ಮೈ ಉರಿಯುವುದು ಇದಕ್ಕೇ. ಡೈನಮೋ ನಿಂತರೆ ಪಂಪೂ ನಿಂತಿತು. ಬೂಸ್ಟರಿನಲ್ಲಿ ಉಳಿದ ಬಲ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಡೈನಮೋ ತಿರುಗಿಸುವ ಬೆಲ್ಟ್ ತುಂಡಾದರೂ ಅದೇ ಕಥೆ: ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, "ಚಾರ್ಜಿಂಗ್ ಹೋಗಿರಬೇಕು, ಊರಿಗೆ ಹೋಗಿ ನೋಡೋಣ" ಅಂದುಕೊಂಡವನಿಗೆ ಮುಂದಿನ ತಿರುವಿನಲ್ಲಿ ಪೆಡಲು ಕಲ್ಲಾಗಿ ಸಿಗುತ್ತದೆ.

ನಾನು ಹೋದ ದಿನ ಕಾಫಿ ಮೂಟೆ ಹೊರುವ ಹಳೆಯ ಲಾರಿಯೊಂದು ನಿಂತಿತ್ತು. ಬೇರೆಲ್ಲೋ ತೋರಿಸಿ ಬೂಸ್ಟರ್ ಬದಲಿಸಿಯೂ ಆಗಿತ್ತಂತೆ, ಕಲ್ಲಾದ ಪೆಡಲಿನ ರೋಗ ಹೋಗಿರಲಿಲ್ಲ. ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು ಸೀಟಿಗೆ ಹತ್ತಿ, ಎಂಜಿನ್ ಆಫ್ ಇದ್ದಾಗಲೇ ನಾಲ್ಕೈದು ಸಲ ಪೆಡಲು ಒತ್ತಿ ಇದ್ದಬದ್ದ ನಿರ್ವಾತವನ್ನು ಖಾಲಿ ಮಾಡಿದರು. ಆಮೇಲೆ ಬರಿಗಾಲನ್ನು ಪೆಡಲಿನ ಮೇಲೆ ಅದುಮಿಟ್ಟುಕೊಂಡೇ ಸ್ಟಾರ್ಟ್ ಮಾಡಿದರು. ಎಲ್ಲ ಸರಿಯಿದ್ದರೆ ಆಗ ಪೆಡಲು ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯಲಿಲ್ಲ. ಪೆಡಲ ಬುಡದಲ್ಲಿ ಬುಸ್ ಎನ್ನುವ ಸದ್ದೂ ಇಲ್ಲ. ಇದ್ದಿದ್ದರೆ ಡಯಾಫ್ರಮ್ ಹರಿದಿರಬಹುದು ಎನ್ನಬಹುದಿತ್ತು.

ಬೂಸ್ಟರಿನ ತುದಿಯಲ್ಲಿ ಪೈಪು ಬಿಚ್ಚಿ ಹೆಬ್ಬೆರಳಿಟ್ಟರು: ಹೀರುವುದು ಇದ್ದೂ ಇಲ್ಲದ ಹಾಗೆ. ಪಂಪಿನ ಬಾಯಿಗೇ ಗೇಜ್ ಹಾಕಿದರೆ ಮುಳ್ಳು ಪಾದರಸದ 620 ಮಿಲಿಮೀಟರಿಗೆ ಏರಿತು. 700 ಬರಲಿಲ್ಲವೆಂದು ಪಂಪನ್ನು ದೂರುವವರುಂಟು. ಆದರೆ ಸಕಲೇಶಪುರ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯೇ ತೆಳು. ಮಂಗಳೂರಿನಲ್ಲಿ 700 ತೋರುವ ಪಂಪು ಇಲ್ಲಿ ಎಪ್ಪತ್ತೆಂಬತ್ತು ಕಡಿಮೆ ತೋರಿಸುವುದು ಸಹಜ. ವಾತಾವರಣದ ಒತ್ತಡ ಎಂಬ ಮಾತನ್ನು ಮೇಸ್ತ್ರಿ ಬಳಸಲಿಲ್ಲ. "ಘಾಟಿ ಲೆಕ್ಕ ಕಳೀಬೇಕು ಸ್ವಾಮಿ" ಅಂದರು.

ಪಂಪು ಸರಿ, ಬೂಸ್ಟರ್ ಹೊಸದು. ಉಳಿದದ್ದು ನಡುವಿನ ರಬ್ಬರ್ ಪೈಪು ಮತ್ತು ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್. ವಾಲ್ವನ್ನು ಬಾಯಲ್ಲಿಟ್ಟು ಊದಿ ನೋಡಿದರು. ಒಂದೇ ಕಡೆ ಗಾಳಿ ಬಿಟ್ಟಿತು, ಅದೂ ಪಾಸು. ಪೈಪು ಹೊರಗಿನಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಆಯಿಲ್ ಕುಡಿದು ಉಬ್ಬಿದ ಒಳಪದರ ಸುಲಿದು ನಾಲಗೆಯಂತೆ ಜೋತುಬಿದ್ದಿತ್ತು. ಪಂಪು ಹೀರಿದಾಗಲೆಲ್ಲ ಅದು ದಾರಿಗೆ ಅಡ್ಡ ಬೀಳುತ್ತಿತ್ತು.

ಡೀಸೆಲ್ ಪೈಪು ಸಾಲದೇ ಎಂದು ಲಾರಿ ಮಾಲೀಕರು ಕೇಳಿದ್ದಕ್ಕೆ ಮೇಸ್ತ್ರಿ ಉತ್ತರಿಸಲಿಲ್ಲ. ದಪ್ಪ ಗೋಡೆಯ ವ್ಯಾಕ್ಯೂಮ್ ಪೈಪನ್ನೇ ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದು, ಮತ್ತೆ ಬರಿಗಾಲಲ್ಲಿ ಸೀಟು ಹತ್ತಿದರು. ಎಂಜಿನ್ ಗುಡುಗಿತು. ಪೆಡಲು ಎರಡು ಬೆರಳಿನಷ್ಟು ಇಳಿಯಿತು.

ಸೀಳಿದ ಪೈಪನ್ನು ಮಾಲೀಕರು ಕಾಗದದಲ್ಲಿ ಸುತ್ತಿ ಡ್ಯಾಷ್‌ಬೋರ್ಡಿಗೆ ಹಾಕಿಕೊಂಡರು. ಬೂಸ್ಟರ್ ಬದಲಿಸಿದವನಿಗೆ ತೋರಿಸಬೇಕಂತೆ.