ಏಳು ಹೆಂಗಸರು ಬರೆದ ದ್ವೀಪ

ಮೆಲ್ಬರ್ನ್‌ನ 'ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ'ದ ಸಂಗ್ರಹದಲ್ಲಿ ಸುಮಾರು ಆರು ಮೀಟರ್ ಅಗಲದ ಒಂದು ಚಿತ್ರವಿದೆ. ಹೆಸರು 'ದುಲ್ಕಾ ವರ್ನ್‌ಗೀದ್', ಬರೆದದ್ದು 2007ರಲ್ಲಿ. ಮೊದಲ ನೋಟಕ್ಕೆ ಕಾಣುವುದು ಬರೀ ಬಣ್ಣ. ನಿಂತು ನೋಡಬೇಕು. ಅದು ಬೆಂಟಿಂಕ್ ಎಂಬ ದ್ವೀಪದ ನೆಲ ಮತ್ತು ನೀರು. ಏಳು ಮಂದಿ ಹೆಂಗಸರು ಒಂದೇ ಕ್ಯಾನ್ವಾಸಿನ ಮೇಲೆ, ತಮ್ಮ ತಮ್ಮ ನೆಲವನ್ನು ತಾವೇ ಬರೆದಿದ್ದಾರೆ. ಅವರಲ್ಲಿ ಹಿರಿಯರಾದ ಸ್ಯಾಲಿ ಗಬೋರಿ ಕುಂಚ ಹಿಡಿದಾಗ ವಯಸ್ಸು 80 ದಾಟಿತ್ತು.

ಬೆಂಟಿಂಕ್ ಇರುವುದು ಆಸ್ಟ್ರೇಲಿಯಾದ ಉತ್ತರ ತುದಿಯ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ. ಅಲ್ಲಿನ ಜನ ಕಾಯಾಡಿಲ್ಟ್. ಕಡಲಂಚಿನಲ್ಲಿ ಕಲ್ಲಿನ ಗೋಡೆ ಕಟ್ಟಿ, ಉಬ್ಬರದಲ್ಲಿ ಒಳಬಂದ ಮೀನನ್ನು ಇಳಿತದಲ್ಲಿ ಹಿಡಿಯುತ್ತಿದ್ದರು. ಸ್ಯಾಲಿ ಅಜ್ಜಿಯೂ ಹರೆಯದಲ್ಲಿ ಆ ಗೋಡೆಗಳ ಕಲ್ಲು ಜೋಡಿಸಿದವರು, ತೊಗಟೆಯ ನಾರು ಹೊಸೆದು ಚೀಲ ಹೆಣೆದವರು, ತಮ್ಮವರ ಹಾಡುಗಳನ್ನು ಬಲ್ಲವರು. ಮೊದಲು ಬರಗಾಲ ಬಂತು. 1948ರಲ್ಲಿ ಸಮುದ್ರ ಉಕ್ಕಿ ಕುಡಿಯುವ ನೀರಿಗೆ ಉಪ್ಪು ಬೆರೆಯಿತು. ಉಳಿದಿದ್ದ ಅರವತ್ತು ಚಿಲ್ಲರೆ ಜನರನ್ನೆಲ್ಲ ಪಕ್ಕದ ಮಾರ್ನಿಂಗ್ಟನ್ ದ್ವೀಪದ ಕ್ರೈಸ್ತ ಮಿಷನ್‌ಗೆ ಸಾಗಿಸಿದರು. ಅಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ವಸತಿಗೃಹಗಳಲ್ಲಿ ಇಟ್ಟರು, ಮನೆಮಾತು ಆಡದಂತೆ ತಡೆದರು. ಪರರ ನೆಲದಲ್ಲಿ ಪರರ ನಡುವೆ ಈ ಜನ ಮುದುಕರಾದರು.

2005ರಲ್ಲಿ ಮಾರ್ನಿಂಗ್ಟನ್‌ನ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ಹಿರಿಯರನ್ನು ಊರಿನ ಕಲಾ ಕೇಂದ್ರದ ಕಾರ್ಯಾಗಾರಕ್ಕೆ ಕರೆತಂದರು. ಅಲ್ಲಿ ಅದುವರೆಗೆ ನಡೆಯುತ್ತಿದ್ದದ್ದು ಹೆಚ್ಚಾಗಿ ದ್ವೀಪದ ಮೂಲ ನಿವಾಸಿಗಳಾದ ಲಾರ್ಡಿಲ್ ಜನರ ಕೆಲಸ. ಕಾಯಾಡಿಲ್ಟರಿಗೆ ಹಲಗೆಯ ಮೇಲೋ ತೊಗಟೆಯ ಮೇಲೋ ಚಿತ್ರ ಬರೆಯುವ ಪರಂಪರೆಯೇ ಇರಲಿಲ್ಲ. ನಕಲು ಮಾಡಲು ಮಾದರಿ ಇಲ್ಲದ್ದೇ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. ಸ್ಯಾಲಿ ಅಜ್ಜಿ ಬಣ್ಣ ನೋಡಿದವರೇ ತಮ್ಮ ಊರು ಬರೆದರು. ಒಂದು ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಇನ್ನೊಂದನ್ನು ಎಳೆದು, ಕ್ಯಾನ್ವಾಸಿನ ಮೇಲೆಯೇ ಬೆರೆಸುವುದು ಅವರ ರೀತಿ. ಕಡುಗುಲಾಬಿ, ಕಿತ್ತಳೆ, ಹಳದಿ, ಅಚ್ಚ ಬಿಳಿ. ಉಪ್ಪಿನ ಬಯಲು, ಉಬ್ಬರವಿಳಿತದ ಕೆಸರು, ಮೀನುಗೋಡೆ, ನದಿಯ ಬಾಯಿ: ಅವರ ಬಣ್ಣದ ಹಾಸುಗಳ ಹಿಂದೆ ಇರುವುದು ಇವು. ಅಪ್ಪನ ನೆಲ 'ತುಂಡಿ', ಗಂಡನ ನೆಲ 'ದಿಬಿರ್ದಿಬಿ', ಅಣ್ಣನ ನೆಲ 'ಮಕರ್ಕಿ' ಮತ್ತೆ ಮತ್ತೆ ಬರುತ್ತವೆ. ಮುಂದಿನ ಎಂಟೊಂಬತ್ತು ವರ್ಷಗಳಲ್ಲಿ ಅವರು ಬರೆದ ಚಿತ್ರಗಳು 2,000ಕ್ಕೂ ಹೆಚ್ಚು.

ಒಬ್ಬರೇ ಬರೆದಿದ್ದರೆ ಇದು ಪ್ರತಿಭೆಯ ಕಥೆ ಮಾತ್ರ ಆಗುತ್ತಿತ್ತು. ನನ್ನನ್ನು ಹಿಡಿದಿಟ್ಟದ್ದು ಜೊತೆಯ ಹೆಂಗಸರು. ನೆಟ್ಟಾ ಲೂಗಥಾ, ಏಮಿ ಲೂಗಥಾ, ಮೇ ಮೂಡೂನುಥಿ, ಪೌಲಾ ಪಾಲ್, ಡಾನ್ ನರಾನಟ್ಜಿಲ್, ಎಥೆಲ್ ಥಾಮಸ್ ಒಬ್ಬೊಬ್ಬರಾಗಿ ಬಣ್ಣಕ್ಕೆ ಕೈಹಾಕಿದರು. ಕಾಯಾಡಿಲ್ಟರ ಹೆಸರಿನಲ್ಲೇ ಹುಟ್ಟಿದ ಜಾಗ ಸೇರಿರುತ್ತದೆ. ಮಿರ್ದಿಡಿಂಗ್ಕಿ ಎಂಬ ತೊರೆಯ ಬಳಿ ಹುಟ್ಟಿದ ಸ್ಯಾಲಿ, ತಮ್ಮವರ ನಡುವೆ ಮಿರ್ದಿಡಿಂಗ್ಕಿಂಗಥಿ. ಆದ್ದರಿಂದ ಯಾವ ಮೂಲೆ ಯಾರದು ಎಂಬ ಬಗ್ಗೆ ಗೊಂದಲವಿಲ್ಲ. ಏಳು ನೆಲ ಸೇರಿದಾಗ ದ್ವೀಪ ಮೂಡಿತು. ಇಂಥ ಚಿತ್ರವನ್ನು ಹೊರಗಿನ ಕಲಾವಿದರೊಬ್ಬರು ವಿನ್ಯಾಸ ಮಾಡಿಕೊಟ್ಟು, 'ಅಜ್ಜಿ, ಇಲ್ಲಿ ಹಸಿರು ತುಂಬಿ' ಎಂದು ಹೇಳಿ ಮಾಡಿಸಲಾಗದು.

ವೃದ್ಧರ ಮನೆಗಳಲ್ಲಿ ಕಲೆಯ ಹೆಸರಿನಲ್ಲಿ ಎಷ್ಟೋ ಕಡೆ ಅದೇ ನಡೆಯುತ್ತದೆ. ಅಚ್ಚುಹಾಕಿದ ಹೂವಿಗೆ ಬಣ್ಣ ತುಂಬಿಸುವುದು, ಹಬ್ಬಕ್ಕೆ ಕಾಗದದ ತೋರಣ ಮಾಡಿಸುವುದು, ಹೊತ್ತು ಕಳೆಯಲಿ ಎಂದು. 80 ವರ್ಷ ಬಾಳಿದವರ ಕೈಗೆ ಅಂಗನವಾಡಿಯ ಕೆಲಸ ಕೊಡುವುದು ನನಗೆ ನೋವು ತರುತ್ತದೆ. ಮಾರ್ನಿಂಗ್ಟನ್‌ನಲ್ಲಿ ಹಿರಿಯರಿಗೆ ಸಿಕ್ಕಿದ್ದು ದೊಡ್ಡ ಕ್ಯಾನ್ವಾಸು, ಒಳ್ಳೆಯ ಬಣ್ಣ, ತಮ್ಮದೇ ಮಾತಾಡುವ ಜೊತೆಗಾರರು. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಕಾಯಾಡಿಲ್ಟರ ಮಾತಾದ ಕಾಯಾರ್ಡಿಲ್ಡ್ ಭಾಷೆಯನ್ನು ಸರಾಗವಾಗಿ ಆಡುವವರು ಅಷ್ಟು ಹೊತ್ತಿಗೆ ಬೆರಳೆಣಿಕೆಯಷ್ಟೇ ಉಳಿದಿದ್ದರು; ಭಾಷಾವಿಜ್ಞಾನಿ ನಿಕೊಲಾಸ್ ಇವಾನ್ಸ್ ಅದರ ವ್ಯಾಕರಣವನ್ನು 1995ರಲ್ಲಿ ಪುಸ್ತಕವಾಗಿ ತಂದಿದ್ದರು. ಸ್ಯಾಲಿ ಅಜ್ಜಿಗೆ ಇಂಗ್ಲಿಷ್ ಹೆಚ್ಚು ಬರುತ್ತಿರಲಿಲ್ಲ. ಹೊರಗಿನವರಿಗೆ ಹೇಳಲಾಗದ್ದನ್ನು ಅವರು ಬಣ್ಣದಲ್ಲಿ ಹೇಳಿದರು.

ಹಿರಿಯರು ಸೇರಿ ಬರೆದ ನೆಲದ ಚಿತ್ರಕ್ಕೆ ಆಸ್ಟ್ರೇಲಿಯಾದಲ್ಲಿ ನ್ಯಾಯಾಲಯದ ನಂಟೂ ಇದೆ. ಪಶ್ಚಿಮದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ 1997ರಲ್ಲಿ ತಮ್ಮ ಭೂಮಿಯ ಹಕ್ಕು ಕೇಳುವಾಗ, ಸುಮಾರು 40 ಮಂದಿ ಕೂಡಿ 10 ಮೀಟರ್ ಉದ್ದ, 8 ಮೀಟರ್ ಅಗಲದ 'ನ್ಗುರ್ರಾರ' ಕ್ಯಾನ್ವಾಸನ್ನು ಬರೆದು ಸಾಕ್ಷ್ಯವಾಗಿ ಮುಂದಿಟ್ಟರು. ತಮ್ಮ ತಮ್ಮ ಜಾಗದ ಮೇಲೆ ನಿಂತು ತಮ್ಮ ಮಾತಿನಲ್ಲಿ ವಿವರಿಸಿದರು. ಹಕ್ಕು ಸಿಕ್ಕಿದ್ದು 2007ರಲ್ಲಿ, 'ದುಲ್ಕಾ ವರ್ನ್‌ಗೀದ್' ಬರೆದ ವರ್ಷವೇ.

ಬ್ರಿಸ್ಬೇನ್‌ನಲ್ಲಿ 2012ರಲ್ಲಿ ತೆರೆದ ಕ್ವೀನ್ಸ್‌ಲ್ಯಾಂಡ್ ಸುಪ್ರೀಂ ಕೋರ್ಟ್ ಕಟ್ಟಡದ ಗೋಡೆಯ ಮೇಲೆ ಸ್ಯಾಲಿ ಗಬೋರಿಯವರ ದಿಬಿರ್ದಿಬಿ ಇದೆ. ಅವರು 2015ರಲ್ಲಿ ತೀರಿಕೊಂಡರು. 2022ರಲ್ಲಿ ಪ್ಯಾರಿಸಿನ ಕಾರ್ಟಿಯೆ ಫೌಂಡೇಶನ್ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅವರ ಹೆಣ್ಣುಮಕ್ಕಳಾದ ಡೊರೊಥಿ, ಎಲ್ಸಿ ಮತ್ತು ಅಮಂಡಾ ಕೂಡ ಚಿತ್ರ ಬರೆದವರು.